ಬಿ.ಪಿ. ಮಾತ್ರೆ ಮತ್ತು ಬೆಳಗಿನ ಅರ್ಧ ಗಂಟೆ

ಬಿ.ಪಿ. ಬರದೇ ಇದ್ದಿದ್ದರೆ ನಾನು ಧ್ಯಾನದ ತಂಟೆಗೇ ಹೋಗುತ್ತಿರಲಿಲ್ಲ. ತುಮಕೂರಿನಲ್ಲಿ ಬ್ಯಾಂಕ್ ಕೆಲಸ, ಐವತ್ತರ ಆಸುಪಾಸಿನ ವಯಸ್ಸು. ಬೆಳಗ್ಗೆಯಿಂದ ಸಂಜೆವರೆಗೆ ಕುರ್ಚಿ, ನಡುವೆ ನಾಲ್ಕೈದು ಕಾಫಿ. ಮಾರ್ಚ್ ತಿಂಗಳು ಬಂದರೆ ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತೇವೆ ಅನ್ನುವುದಕ್ಕೆ ಲೆಕ್ಕವಿಲ್ಲ. ಒಂದು ಸಲ ಶಾಖೆಯಲ್ಲೇ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದರು. ನರ್ಸ್ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ‘ಸರ್, ಒಂದೈದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಇನ್ನೊಂದ್ಸಲ ನೋಡೋಣ’ ಅಂದರು. ಇನ್ನೊಂದು ಸಲವೂ 156/98 ಬಂತು.

ಡಾಕ್ಟರು ಅಮ್ಲೋಡಿಪಿನ್ ಅನ್ನುವ ಬಿ.ಪಿ. ಮಾತ್ರೆ, 5 ಮಿಲಿಗ್ರಾಂ, ಬರೆದರು. ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ, ತೂಕ ಇಳಿಸಿ ಅಂದರು. ಆಮೇಲೆ ‘ನಿದ್ದೆ ಹೇಗಿದೆ?’ ಅಂತ ಕೇಳಿದರು. ನಿದ್ದೆಯ ಕಥೆ ಹೇಳಿದೆ. ಮಲಗಿದ ತಕ್ಷಣ ಬರುತ್ತದೆ, ರಾತ್ರಿ ಮೂರಕ್ಕೆ ಬಿಟ್ಟು ಹೋಗುತ್ತದೆ. ಎಚ್ಚರವಾದಾಗ ಎದೆ ಡಬಡಬ ಹೊಡೆದುಕೊಳ್ಳುತ್ತಿರುತ್ತದೆ. ಯಾವುದೋ ಸಾಲದ ಫೈಲು, ಮಗಳ ಕಾಲೇಜಿನ ಫೀಸು, ಆಡಿಟ್‌ನವರು ಕೇಳಿದ ಪ್ರಶ್ನೆ, ಒಂದಾದ ಮೇಲೊಂದು. ಐದಕ್ಕೆ ಮತ್ತೆ ಕಣ್ಣು ಹತ್ತುತ್ತದೆ, ಆರಕ್ಕೆ ಅಲಾರಾಂ. ಡಾಕ್ಟರು ಕೇಳಿಸಿಕೊಂಡು, ‘ಧ್ಯಾನ ಗೀನ ಮಾಡ್ತೀರಾ? ಮಾಡಿದ್ರೆ ಒಳ್ಳೇದು. ಮಾತ್ರೆ ಮಾತ್ರ ಬಿಡ್ಬೇಡಿ’ ಅಂದರು. ಆ ಕೊನೆಯ ವಾಕ್ಯ ಮುಖ್ಯ. ಮುಂದೆ ಅದರ ವಿಷಯ ಬರುತ್ತದೆ.

ಮೊದಲು ಮೊಬೈಲಿನಲ್ಲೇ ಶುರು ಮಾಡಿದೆ. ಕೊಳಲಿನ ಸದ್ದು, ಹರಿಯುವ ನೀರಿನ ಸದ್ದು, ‘ನಿಮ್ಮ ದೇಹ ಹಗುರಾಗುತ್ತಿದೆ’ ಅನ್ನುವ ಒಂದು ಮೆಲುದನಿ. ದೇಹ ಹಗುರಾಗಲಿಲ್ಲ, ಗೊರಕೆ ಬಂತು. ಒಂದು ವಾರದಲ್ಲಿ ಬಿಟ್ಟೆ. ಆಗ ನಮ್ಮಲ್ಲಿಂದ ನಿವೃತ್ತರಾದ ಒಬ್ಬ ಹಿರಿಯರು ಸಿಕ್ಕಿ, ‘ಆಲೂರಿಗೆ ಹೋಗಿ ಬಾರಯ್ಯ, ಹತ್ತು ದಿನ’ ಅಂದರು. ಬೆಂಗಳೂರು ದಾರಿಯಲ್ಲಿ, ತುಮಕೂರು ರಸ್ತೆಯಿಂದ ಒಳಗೆ, ದಾಸನಪುರದ ಹತ್ತಿರ ಇರುವ ಆಲೂರು. ಅಲ್ಲಿ ವಿಪಶ್ಯನಾ ಅನ್ನುವ ಧ್ಯಾನ ಪದ್ಧತಿ ಕಲಿಸುವ ಕೇಂದ್ರದ ಹೆಸರು ಧಮ್ಮ ಪಫುಲ್ಲ. ಹತ್ತು ದಿನ ಊಟ, ವಸತಿ, ಪಾಠ ಎಲ್ಲದಕ್ಕೂ ಶುಲ್ಕ ಇಲ್ಲ ಅಂದಾಗ ನನ್ನ ಬ್ಯಾಂಕ್ ಬುದ್ಧಿಗೆ ಅನುಮಾನವೇ ಬಂತು. ಕೊನೆಗೆ ಗೊತ್ತಾಯಿತು, ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದೇಣಿಗೆಯಲ್ಲಿ ನಮ್ಮ ಊಟ ನಡೆಯುತ್ತದೆ. ಪೂರ್ತಿ ಶಿಬಿರ ಮುಗಿಸದವರಿಂದ ದುಡ್ಡು ತೆಗೆದುಕೊಳ್ಳುವುದೇ ಇಲ್ಲ.

ಅರ್ಜಿ ನಮೂನೆ ಉದ್ದವಾಗಿದೆ. ಯಾವ ಮಾತ್ರೆ ನುಂಗುತ್ತೀರಿ, ಹಿಂದೆ ಮಾನಸಿಕ ಕಾಯಿಲೆ ಏನಾದರೂ ಇತ್ತಾ, ಈಗ ಚಿಕಿತ್ಸೆ ನಡೀತಿದೆಯಾ, ಎಲ್ಲಾ ಕೇಳುತ್ತಾರೆ. ಇಲ್ಲಿ ಸುಳ್ಳು ಬರೆಯಬಾರದು. ಹತ್ತು ದಿನ ಮಾತಿಲ್ಲದೆ ಕೂರುವುದು ಎಲ್ಲರಿಗೂ ಆಗಿಬರುವಂಥದ್ದಲ್ಲ. ತೀವ್ರ ಖಿನ್ನತೆಯೋ ಭ್ರಮೆಯ ಕಾಯಿಲೆಯೋ ಇದ್ದವರಿಗೆ ಇದರಿಂದ ತೊಂದರೆ ಜಾಸ್ತಿಯಾಗುವುದೂ ಉಂಟು. ಅಂಥವರು ಮೊದಲು ಮನೋವೈದ್ಯರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಹೋದ ಸಂಜೆಯೇ ಮೊಬೈಲು, ಪುಸ್ತಕ, ಪೆನ್ನು ಎಲ್ಲಾ ಒಪ್ಪಿಸಬೇಕು. ಅವತ್ತು ರಾತ್ರಿಯಿಂದ ಮೌನ. ಮಾತು ಮಾತ್ರವಲ್ಲ, ಕಣ್ಸನ್ನೆ, ಕೈಸನ್ನೆ ಕೂಡ ಇಲ್ಲ. ಗಂಡಸರು ಹೆಂಗಸರು ಬೇರೆ ಬೇರೆ. ಬೆಳಗ್ಗೆ ನಾಲ್ಕಕ್ಕೆ ಗಂಟೆ. ನಾಲ್ಕೂವರೆಯಿಂದ ಆರೂವರೆ ಕೂರುವುದು, ಆಮೇಲೆ ತಿಂಡಿ. ಎಂಟರಿಂದ ಹನ್ನೊಂದರವರೆಗೆ ಮತ್ತೆ ಕೂರುವುದು. ಹನ್ನೊಂದಕ್ಕೇ ಮಧ್ಯಾಹ್ನದ ಊಟ. ಒಂದರಿಂದ ಐದರವರೆಗೆ ಕೂರುವುದು. ಐದಕ್ಕೆ ಟೀ, ಹಣ್ಣು, ಕಡ್ಲೆಪುರಿ. ಅಷ್ಟೇ, ರಾತ್ರಿ ಊಟ ಇಲ್ಲ. ಹಿಂದೆ ಶಿಬಿರ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಅದೂ ಇಲ್ಲ, ನಿಂಬೆ ನೀರು. ಆರರಿಂದ ಏಳು ಮತ್ತೆ ಧ್ಯಾನ, ಏಳರಿಂದ ಪ್ರವಚನ, ಒಂಬತ್ತೂವರೆಗೆ ದೀಪ ಆರಿಸುವುದು. ಕೂಡಿಸಿ ನೋಡಿದರೆ ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿ ಕೂರುವ ಕೆಲಸ. ಮೊದಲೆರಡು ಸಂಜೆ ಆ ಕಡ್ಲೆಪುರಿಯ ಬಟ್ಟಲನ್ನು ನಾನು ನೋಡುತ್ತಿದ್ದ ರೀತಿ ನನಗೇ ನಾಚಿಕೆ ತರಿಸಿತು. ಒಂದೊಂದೇ ಕಾಳು ಎತ್ತಿ ತಿನ್ನುತ್ತಿದ್ದೆ, ಬೇಗ ಮುಗಿದು ಹೋಗಬಾರದು ಅಂತ.

ಪಾಠ ಹೇಳುವುದು ಧ್ವನಿಮುದ್ರಣದಲ್ಲಿ ಸತ್ಯನಾರಾಯಣ ಗೋಯೆಂಕಾ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ಅವರು ಧ್ಯಾನಕ್ಕೆ ಬಂದದ್ದೂ ಕಾಯಿಲೆಯ ದೆಸೆಯಿಂದಲೇ. ವಿಪರೀತ ಅರೆತಲೆನೋವು, ಮಾರ್ಫಿನ್ ಚುಚ್ಚಿಸಿಕೊಳ್ಳುವ ಮಟ್ಟಕ್ಕೆ. ದೇಶ ದೇಶ ಸುತ್ತಿ ಡಾಕ್ಟರುಗಳಿಗೆ ತೋರಿಸಿದರೂ ಗುಣವಾಗದೆ, 1955ರಲ್ಲಿ ರಂಗೂನಿನ ಸಯಾಜಿ ಊ ಬಾ ಖಿನ್ ಅವರ ಬಳಿ ಹೋದರು. ನನಗೆ ಖುಷಿಯಾದದ್ದು ಈ ಗುರುಗಳ ಕೆಲಸ ತಿಳಿದಾಗ. ಅವರು ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್! ಹಗಲು ಲೆಕ್ಕಪತ್ರ, ಬೆಳಗ್ಗೆ ಸಂಜೆ ಧ್ಯಾನದ ಪಾಠ. ಆಡಿಟ್‌ನವರು ಅಂದರೆ ಬೆವರುತ್ತಿದ್ದ ನನಗೆ ಇದು ವಿಚಿತ್ರ ಸಮಾಧಾನ ಕೊಟ್ಟಿತು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರ ಶುರು ಮಾಡಿದರು, 2013ರಲ್ಲಿ ತೀರಿಕೊಂಡರು. ಈಗಲೂ ಎಲ್ಲಾ ಕಡೆ ಅವರದೇ ಧ್ವನಿ, ಜತೆಗೆ ಅನುವಾದ. ಮಧ್ಯೆ ಮಧ್ಯೆ ಅವರು ಪಾಲಿ ಭಾಷೆಯಲ್ಲಿ ಹಾಡುತ್ತಾರೆ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಆ ಒರಟು ದನಿ ಕೇಳಿದರೆ ಮೊದಲು ಕಿರಿಕಿರಿ. ಒಂದೆರಡು ದಿನ ಕಳೆದ ಮೇಲೆ ಅದು ಬಂದರೆ ಸಾಕು ಅನಿಸುತ್ತದೆ, ಯಾಕೆಂದರೆ ಹಾಡು ಶುರುವಾದರೆ ಕೂರುವ ಹೊತ್ತು ಮುಗಿಯುತ್ತಾ ಬಂತು ಅಂತ ಅರ್ಥ.

ಮೊದಲ ಮೂರೂವರೆ ದಿನ ಒಂದೇ ಕೆಲಸ. ಮೂಗಿನ ಹೊಳ್ಳೆ ಮತ್ತು ಮೇಲ್ತುಟಿ, ಇಷ್ಟು ಜಾಗದಲ್ಲಿ ಉಸಿರು ತಾಗುವುದನ್ನು ಗಮನಿಸುವುದು. ಇದಕ್ಕೆ ಆನಾಪಾನ ಅನ್ನುತ್ತಾರೆ. ಪ್ರಾಣಾಯಾಮದ ಹಾಗೆ ಉಸಿರನ್ನು ಎಳೆಯುವಂತಿಲ್ಲ, ಹಿಡಿಯುವಂತಿಲ್ಲ. ಎಣಿಸುವಂತಿಲ್ಲ. ಜಪ ಇಲ್ಲ, ಕಣ್ಣ ಮುಂದೆ ದೇವರನ್ನು ತಂದುಕೊಳ್ಳುವುದೂ ಇಲ್ಲ. ಬರುವ ಉಸಿರು ಬರುತ್ತಿದೆ, ಹೋಗುವುದು ಹೋಗುತ್ತಿದೆ. ಕೇಳಲು ಎಷ್ಟು ಸುಲಭ, ಅಲ್ವಾ? ನಾಲ್ಕು ಉಸಿರು ದಾಟುವಷ್ಟರಲ್ಲಿ ನಾನು ಇನ್ನೆಲ್ಲೋ ಇರುತ್ತಿದ್ದೆ. ಎಷ್ಟೋ ವರ್ಷದ ಹಿಂದೆ ಒಂದು ಮದುವೆಯ ಪಂಕ್ತಿಯಲ್ಲಿ ನನಗೆ ಚಿರೋಟಿ ಬಡಿಸದೆ ಮುಂದೆ ಹೋದವನ ಮುಖ ಅಚ್ಚುಕಟ್ಟಾಗಿ ನೆನಪಿಗೆ ಬಂತು. ಅವನಿಗೆ ಏನು ಹೇಳಬೇಕಿತ್ತು ಅಂತ ಅರ್ಧ ಗಂಟೆ ಯೋಚಿಸಿದೆ. ಮನಸ್ಸನ್ನು ಕೋತಿ ಅನ್ನುತ್ತಾರೆ. ಕೋತಿಯಾದರೂ ಮಧ್ಯಾಹ್ನ ಕೊಂಬೆ ಮೇಲೆ ಒಂದು ನಿದ್ದೆ ತೆಗೆಯುತ್ತದೆ.

ಹೀಗಾದಾಗ ಬೈದುಕೊಳ್ಳಬೇಡಿ, ಮತ್ತೆ ಉಸಿರಿಗೆ ಬನ್ನಿ, ಮತ್ತೆ ಶುರು ಮಾಡಿ ಅನ್ನುವುದು ಪಾಠ. ಈ ‘ಮತ್ತೆ ಶುರು ಮಾಡಿ’ಯೇ ಇಡೀ ಅಭ್ಯಾಸ ಅನ್ನುವುದು ನನಗೆ ಅರ್ಥವಾಗಲು ತಡವಾಯಿತು. ಮನಸ್ಸು ಖಾಲಿಯಾಗುವುದು ಧ್ಯಾನ ಅಂದುಕೊಂಡೇ ಎಷ್ಟೋ ಜನ ‘ನಮಗೆ ಆಗಲ್ಲಪ್ಪ’ ಅಂತ ಬಿಡುತ್ತಾರೆ. ಖಾಲಿಯಾಗುವುದಿಲ್ಲ. ಓಡಿಹೋದದ್ದು ಗೊತ್ತಾಗುವುದೇ ಇಲ್ಲಿ ಗಳಿಕೆ. ಮೂರನೇ ದಿನದ ಹೊತ್ತಿಗೆ ಒಂದು ಚಿಕ್ಕ ವಿಷಯ ಕಣ್ಣಿಗೆ ಬಿತ್ತು, ಅಂದರೆ ಮೂಗಿಗೆ. ಬೆಳಗ್ಗೆ ಉಸಿರು ಎಡ ಹೊಳ್ಳೆಯಲ್ಲಿ ಸಲೀಸಾಗಿ ಆಡುತ್ತಿತ್ತು, ಬಲಗಡೆ ಕಟ್ಟಿದ ಹಾಗೆ. ಮಧ್ಯಾಹ್ನ ನೋಡಿದರೆ ಅದಲುಬದಲು. ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ, ಮೇಲ್ತುಟಿಯ ನಡುವಿನ ತಗ್ಗಿನಲ್ಲಿ ಸ್ವಲ್ಪ ತೇವ. ಆಮೇಲೆ ಓದಿ ತಿಳಿದೆ, ಮೂಗಿನ ಎರಡು ಹೊಳ್ಳೆಗಳೂ ಕೆಲವು ಗಂಟೆಗೊಮ್ಮೆ ಹೀಗೆ ಪಾಳಿ ಬದಲಿಸುತ್ತವೆ, ಬಹಳ ಜನರಿಗೆ. ಐವತ್ತು ವರ್ಷ ಉಸಿರಾಡಿದ ನನಗೆ ಇದೇ ಗೊತ್ತಿರಲಿಲ್ಲ. ಹಾಗಾದರೆ ದೇಹ ಬೇರೆ ಏನೇನು ಹೇಳುತ್ತಿತ್ತೋ, ನಾನು ಕೇಳಿಸಿಕೊಂಡೇ ಇಲ್ಲ.

ನಾಲ್ಕನೇ ದಿನ ಮಧ್ಯಾಹ್ನ ವಿಪಶ್ಯನಾ ಕೊಡುತ್ತಾರೆ. ನೆತ್ತಿಯಿಂದ ಹಿಡಿದು ಕಾಲಿನ ಬೆರಳ ತುದಿವರೆಗೆ ಗಮನವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರುವುದು. ಪ್ರತಿ ಜಾಗದಲ್ಲೂ ಏನಿದೆಯೋ ಅದನ್ನು ನೋಡುವುದು: ಬಿಸಿ, ತುರಿಕೆ, ಭಾರ, ಜುಮುಜುಮು, ಬಟ್ಟೆ ತಾಗುವುದು. ಒಳ್ಳೆಯದಕ್ಕೆ ಹಿಗ್ಗಬಾರದು, ಕೆಟ್ಟದ್ದಕ್ಕೆ ಮುಖ ಸಿಂಡರಿಸಬಾರದು. ಬಂದದ್ದು ಹೋಗುತ್ತದೆ, ಇದಕ್ಕೇ ಪಾಲಿಯಲ್ಲಿ ಅನಿಚ್ಚ ಅನ್ನುವುದು. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಅಧಿಷ್ಠಾನ. ಆ ಒಂದು ಗಂಟೆ ಕೈ ಬಿಡಿಸುವಂತಿಲ್ಲ, ಕಾಲು ಬಿಡಿಸುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಜೈಲಲ್ಲ, ನಿಜಕ್ಕೂ ಆಗದಿದ್ದರೆ ಕದಲಬಹುದು. ಆದರೆ ಪ್ರಯತ್ನ ಮಾಡಿ ಅನ್ನುತ್ತಾರೆ.

ನನ್ನ ಬಲ ಮಂಡಿ ಈ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಇಪ್ಪತ್ತು ನಿಮಿಷ ಆಗುತ್ತಿದ್ದಂತೆ ಒಳಗಡೆ ಕೆಂಡ ಇಟ್ಟ ಹಾಗೆ. ಮೊದಲ ಒಂದೆರಡು ಸಲ ಹಲ್ಲು ಕಚ್ಚಿ ಕೂತೆ. ಅದರಿಂದ ನೋವು ಜಾಸ್ತಿಯೇ ಆಯಿತು. ಮಾರನೇ ದಿನ, ಬೇರೆ ದಾರಿ ಇಲ್ಲದೆ, ಹೇಳಿದ ಹಾಗೆ ಮಾಡಿ ನೋಡಿದೆ. ಈ ನೋವು ಎಲ್ಲಿಂದ ಎಲ್ಲಿವರೆಗೆ ಇದೆ? ಮಂಡಿ ಚಿಪ್ಪಿನ ಒಳಬದಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅದರ ಅಂಚಿನಲ್ಲಿ ನೋವಿಲ್ಲ, ಬಿಗಿತ ಇದೆ. ನಡುವೆ ಬಿಸಿ. ಬಿಸಿಯೂ ಒಂದೇ ಸಮ ಇಲ್ಲ, ನಾಡಿ ಹೊಡೆದ ಹಾಗೆ ಏರುತ್ತದೆ, ಇಳಿಯುತ್ತದೆ. ಇಷ್ಟು ನೋಡುವಷ್ಟರಲ್ಲಿ ಇನ್ನೊಂದು ಕಂಡಿತು. ಮಂಡಿ ನೋಯುತ್ತಿದೆ, ಸರಿ. ಆದರೆ ನನ್ನ ದವಡೆ ಯಾಕೆ ಬಿಗಿದಿದೆ? ಹೆಗಲು ಯಾಕೆ ಕಿವಿಯ ಹತ್ತಿರ ಏರಿದೆ? ಹೊಟ್ಟೆ ಯಾಕೆ ಒಳಗೆ ಎಳೆದುಕೊಂಡಿದೆ? ‘ಇನ್ನೂ ನಲವತ್ತು ನಿಮಿಷ ಇದೆಯಲ್ಲಪ್ಪಾ’ ಅಂತ ಯಾರು ಕೂಗಾಡುತ್ತಿರುವುದು? ಮಂಡಿಯಲ್ಲಿದ್ದದ್ದು ನಾಣ್ಯದಷ್ಟು ನೋವು, ಮಿಕ್ಕಿದ್ದೆಲ್ಲಾ ನಾನು ಅದಕ್ಕೆ ಸೇರಿಸಿದ ಬಡ್ಡಿ. ದವಡೆ ಸಡಿಲ ಬಿಟ್ಟೆ. ಹೆಗಲು ತಾನಾಗಿ ಇಳಿಯಿತು. ನೋವು ಹೋಗಲಿಲ್ಲ, ಇತ್ತು. ಆದರೆ ಅದರ ಜತೆ ಕೂರಬಹುದಾಗಿತ್ತು.

ಹತ್ತು ದಿನದಲ್ಲಿ ನನಗೆ ದಕ್ಕಿದ್ದು ಇಷ್ಟು. ಬೆಳಕು ಕಾಣಲಿಲ್ಲ, ಮೈ ತೇಲಲಿಲ್ಲ. ಮೌನ ಮುಗಿದ ಮೇಲೆ ಪಕ್ಕದವರು ತಮಗೆ ಆದ ಅನುಭವ ಹೇಳಿಕೊಂಡಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಒಬ್ಬರಿಗೆ ಇಡೀ ಮೈಯಲ್ಲಿ ಕರೆಂಟ್ ಹರಿದಂತೆ ಆಗಿತ್ತಂತೆ. ಇನ್ನೊಬ್ಬರು ಮೂರು ದಿನ ಅತ್ತಿದ್ದರಂತೆ. ನಡುವೆ ಒಂದಿಬ್ಬರು ಮನೆಗೆ ಹೋಗಿಯೂ ಬಿಟ್ಟಿದ್ದರು, ಅವರ ಬಗ್ಗೆ ನನಗೆ ಕನಿಕರವೇ ಹೊರತು ಕೀಳು ಭಾವನೆ ಇಲ್ಲ. ಹತ್ತನೇ ದಿನ ಬೆಳಗ್ಗೆ ಮಾತು ಬಿಟ್ಟಾಗ ಆದ ಗದ್ದಲ ನೋಡಬೇಕಿತ್ತು. ಬಾಯಿ ನೋಯುವಷ್ಟು ಮಾತಾಡಿದೆವು. ಸಂತೆಯಲ್ಲೂ ಅಷ್ಟು ಸದ್ದಿರುವುದಿಲ್ಲ.

ನಿಜವಾದ ಪರೀಕ್ಷೆ ಮನೆಗೆ ಬಂದ ಮೇಲೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕು ಅಂತ ಹೇಳಿ ಕಳಿಸುತ್ತಾರೆ. ಸಂಸಾರಸ್ಥರಿಗೆ ಎರಡು ಗಂಟೆ ಅಂದರೆ ಹುಡುಗಾಟವೇ? ಸಂಜೆಯದ್ದು ನನ್ನ ಕೈಲಿ ಆಗಲೇ ಇಲ್ಲ. ಬೆಳಗಿನದು ಅರ್ಧ ಗಂಟೆಗೆ ಬಂದು ನಿಂತಿತು. ಶುದ್ಧ ಸಂಪ್ರದಾಯದವರು ಒಪ್ಪಲಿಕ್ಕಿಲ್ಲ. ಆದರೆ ದಿನಾ ನಡೆಯುವ ಅರ್ಧ ಗಂಟೆ, ಎಂದೋ ಒಮ್ಮೆ ನಡೆಯುವ ಎರಡು ಗಂಟೆಗಿಂತ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಐದೂಕಾಲಿಗೆ ಏಳುತ್ತೇನೆ. ಕಾಫಿಗೆ ಮುಂಚೆ. ಕಾಫಿ ಕುಡಿದರೆ ಪೇಪರ್ ಬೇಕು, ಪೇಪರ್ ಬಂದರೆ ಕಥೆ ಮುಗಿಯಿತು. ಮೊದಲ ಹತ್ತು ನಿಮಿಷ ಉಸಿರು, ಆಮೇಲೆ ತಲೆಯಿಂದ ಕಾಲಿನವರೆಗೆ. ಮೊಬೈಲು ಬೇರೆ ಕೋಣೆಯಲ್ಲಿ. ಪಕ್ಕದ ಮನೆಯ ನೀರಿನ ಮೋಟಾರು, ಹಾಲಿನವನ ಬೈಕು, ಸುಪ್ರಭಾತ, ಎಲ್ಲಾ ನಡೆಯುತ್ತಲೇ ಇರುತ್ತದೆ. ನಿಶ್ಶಬ್ದಕ್ಕೆ ಕಾದರೆ ನಮ್ಮ ಬೀದಿಯಲ್ಲಿ ಯಾರೂ ಧ್ಯಾನ ಮಾಡಲಾರರು.

ಈಗ ಬಿ.ಪಿ. ವಿಷಯ. ಮನೆಗೊಂದು ಡಿಜಿಟಲ್ ಯಂತ್ರ ತಂದಿಟ್ಟುಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದೆ, ಅಭ್ಯಾಸಬಲ. ಕೆಲವು ತಿಂಗಳಲ್ಲಿ 130/84ರ ಆಸುಪಾಸಿಗೆ ಬಂತು. ಖುಷಿಯಿಂದ ಡಾಕ್ಟರಿಗೆ ತೋರಿಸಿ, ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದೆ. ಅವರು ನಕ್ಕರು. ‘ನೀವು ಮಾತ್ರೆ ತಗೋತಿದ್ದೀರಿ. ಉಪ್ಪಿನಕಾಯಿ ಬಿಟ್ಟಿದ್ದೀರಿ. ಅಮಾನಿಕೆರೆ ಸುತ್ತ ನಡೀತಿದ್ದೀರಿ. ನಾಲ್ಕು ಕೆ.ಜಿ. ಇಳಿದಿದ್ದೀರಿ. ಇದರಲ್ಲಿ ಧ್ಯಾನದ ಪಾಲು ಎಷ್ಟು ಅಂತ ಹೇಗೆ ಹೇಳ್ತೀರಿ?’ ಹೇಳಲು ಬರುವುದಿಲ್ಲ. ಐದು ಖಾತೆಯಿಂದ ದುಡ್ಡು ಬಂದು ಒಂದೇ ಮೊತ್ತ ಆದ ಮೇಲೆ ಯಾವ ನೋಟು ಯಾರದ್ದು ಅಂತ ಬೇರೆ ಮಾಡುವುದು ಹೇಗೆ? ಮಾತ್ರೆ ಮುಂದುವರಿಯಿತು, ಈಗಲೂ ನಡೆದಿದೆ.

ಅಲ್ಲಿಂದ ಇದರ ಬಗ್ಗೆ ಸ್ವಲ್ಪ ಓದುವ ಚಟ ಹತ್ತಿತು. ಅಮೆರಿಕದ ಹೃದಯ ಸಂಘದವರು 2017ರಲ್ಲಿ ಒಂದು ಹೇಳಿಕೆ ಹೊರಡಿಸಿದ್ದಾರೆ. ಅದು ನಮ್ಮ ಡಾಕ್ಟರು ಹೇಳಿದ್ದೇ: ಧ್ಯಾನದಿಂದ ಹೃದಯಕ್ಕೆ ಲಾಭ ಇರಬಹುದು, ಆದರೆ ಔಷಧ, ಆಹಾರ, ವ್ಯಾಯಾಮದ ಜತೆಗೆ ಮಾಡಬೇಕೇ ಹೊರತು ಅವುಗಳ ಬದಲಿಗಲ್ಲ. 2014ರಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆ ನನಗೆ ಬಹಳ ಹಿಡಿಸಿತು, ಯಾಕೆಂದರೆ ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. 47 ಪ್ರಯೋಗ, ಒಟ್ಟು 3,515 ಜನ. ಆತಂಕ, ಖಿನ್ನತೆ, ನೋವು ಇವು ಮೂರರಲ್ಲೂ ಸಾಧಾರಣ ಮಟ್ಟದ ಸುಧಾರಣೆ ಇದೆ ಅನ್ನುವುದಕ್ಕೆ ತಕ್ಕಮಟ್ಟಿನ ಪುರಾವೆ ಸಿಕ್ಕಿದೆ. ತೂಕ, ನಿದ್ದೆ, ಏಕಾಗ್ರತೆ ಇವಕ್ಕೆ ಸರಿಯಾದ ಪುರಾವೆ ಸಿಗಲಿಲ್ಲ. ವ್ಯಾಯಾಮಕ್ಕಿಂತ, ಔಷಧಕ್ಕಿಂತ ಧ್ಯಾನ ಮೇಲು ಅನ್ನುವುದಕ್ಕೂ ಸಿಗಲಿಲ್ಲ. ತಮಾಷೆ ಏನೆಂದರೆ, ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ನಿದ್ದೆಯಲ್ಲಿ! ಒಬ್ಬನ ಅನುಭವ ಪುರಾವೆ ಅಲ್ಲ ಅನ್ನುವುದು ಅದಕ್ಕೇ.

2022ರಲ್ಲಿ ಇನ್ನೊಂದು ಅಧ್ಯಯನ ಬಂತು. ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಕೆಲವರಿಗೆ ಎಸ್ಸಿಟಾಲೋಪ್ರಾಂ ಮಾತ್ರೆ, ಉಳಿದವರಿಗೆ ಎಂಟು ವಾರದ ಧ್ಯಾನದ ತರಬೇತಿ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಕ್ರಮ ಅದು. ಎರಡು ಗುಂಪಿನವರಿಗೂ ಹೆಚ್ಚುಕಡಿಮೆ ಒಂದೇ ಅಳತೆಯ ಗುಣ ಕಂಡಿತು. ಇದನ್ನು ಓದಿ ಯಾರೂ ಮಾತ್ರೆ ಡಬ್ಬಿ ಎಸೆಯಬೇಡಿ. ಆ ಧ್ಯಾನದವರು ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿಗೆ ಹೋಗಿ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಕೂರಬೇಕಿತ್ತು. ನಮ್ಮಂತೆ ಮನಸ್ಸು ಬಂದಾಗ ಐದು ನಿಮಿಷ ಅಲ್ಲ.

ಒಳಗೆ ಏನಾಗುತ್ತದೆ ಅನ್ನುವುದು ಸ್ವಲ್ಪ ಮಟ್ಟಿಗೆ ಕೈಯಲ್ಲೇ ತಿಳಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಒಳಗೆ ಎಳೆದುಕೊಂಡಾಗ ನಾಡಿ ಒಂದು ಚೂರು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವೇಗಸ್ ಅನ್ನುವ ನರ ಮೆದುಳಿನಿಂದ ಹೃದಯ, ಹೊಟ್ಟೆಯವರೆಗೆ ಇಳಿದಿದೆ, ಬ್ರೇಕ್ ಒತ್ತುವ ಕೆಲಸ ಅದರದ್ದು. ಉಸಿರು ಬಿಡುವಾಗ ಅದರ ಹಿಡಿತ ಜಾಸ್ತಿ. ಗಾಬರಿ, ಸಿಟ್ಟು ಬಂದಾಗ ಇನ್ನೊಂದು ಪಾರ್ಟಿ ಗದ್ದುಗೆ ಏರುತ್ತದೆ, ಅಡ್ರಿನಾಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಅವರ ಕಡೆಯವು. ನಾಡಿ ಓಡುತ್ತದೆ, ರಕ್ತನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಹುಲಿ ಬಂದರೆ ಇದು ಬೇಕು. ಆಡಿಟ್ ಮೆಮೋಗೆ ಬೇಡ. ಆನಾಪಾನದಲ್ಲಿ ಉಸಿರನ್ನು ನಾವು ನಿಧಾನ ಮಾಡುವುದಿಲ್ಲ, ಆದರೆ ಸುಮ್ಮನೆ ನೋಡುತ್ತಾ ಕೂತರೆ ಅದು ತಾನಾಗಿ ನಿಧಾನವಾಗುತ್ತದೆ. ಹತ್ತು ಹದಿನೈದು ನಿಮಿಷ ಆದಾಗ ಕೈ ಬೆಚ್ಚಗಾಗುವುದು, ಹೊಟ್ಟೆ ಗುಡುಗುಡು ಅನ್ನುವುದು ನನಗೆ ದಿನಾ ಆಗುತ್ತದೆ. ಮೊದಮೊದಲು ಹಸಿವು ಅಂದುಕೊಂಡಿದ್ದೆ.

ಇದು ಧ್ಯಾನ ಮುಗಿಸಿ ಎದ್ದ ಮೇಲೂ ಕೆಲಸಕ್ಕೆ ಬಂದದ್ದು ಒಂದು ನವೆಂಬರ್‌ನಲ್ಲಿ. ನವೆಂಬರ್ ಅಂದರೆ ಪಿಂಚಣಿದಾರರು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡುವ ತಿಂಗಳು. ಬೆಳಗ್ಗೆ ಹತ್ತಕ್ಕೇ ಬಾಗಿಲವರೆಗೆ ಸಾಲು. ಎಂಬತ್ತು ದಾಟಿದ ಒಬ್ಬ ಯಜಮಾನರ ಬೆರಳಚ್ಚು ಯಂತ್ರಕ್ಕೆ ಸಿಗುತ್ತಲೇ ಇರಲಿಲ್ಲ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಏನು ಮಾಡೋಣ. ಹತ್ತೂ ಬೆರಳು ಇಟ್ಟು ಒತ್ತಿದರು. ಕೊನೆಗೆ ಕೋಲು ನೆಲಕ್ಕೆ ಕುಟ್ಟಿ, ‘ನಿನ್ನ ಮಿಷನ್ನು ನಾನು ಸತ್ತಿದ್ದೀನಿ ಅಂತದಾ? ನನ್ನ ದುಡ್ಡು ಕೊಡೋಕೆ ನಿಮಗೆಲ್ಲಾ ಹೊಟ್ಟೆಯುರಿ’ ಅಂತ ಕೂಗಿದರು. ಸಾಲಿನಲ್ಲಿದ್ದವರೂ ದನಿ ಸೇರಿಸಿದರು. ಮುಂಚೆ ಆಗಿದ್ದರೆ ಅಲ್ಲಿಗೆ ಶುರು. ನಾನೂ ಎದ್ದು ನಿಲ್ಲುತ್ತಿದ್ದೆ, ನಿಯಮ ಓದಿ ಹೇಳುತ್ತಿದ್ದೆ, ಮಧ್ಯಾಹ್ನದವರೆಗೆ ಕೈ ನಡುಗುತ್ತಿತ್ತು.

ಅವತ್ತು ಮಾತು ಬಾಯಿಗೆ ಬರುವ ಮೊದಲೇ ಕಿವಿ ಬಿಸಿಯಾದದ್ದು ಗೊತ್ತಾಯಿತು. ದವಡೆ ಬಿಗಿಯಿತು, ಅದೇ ಹಳೆಯ ದವಡೆ. ಹೆಗಲು ಏರುತ್ತಿತ್ತು. ಆಲೂರಿನಲ್ಲಿ ಮಂಡಿಯ ಜತೆ ಕಂಡಿದ್ದ ಅದೇ ಮೆರವಣಿಗೆ, ಅದೇ ಕ್ರಮದಲ್ಲಿ. ಒಂದು ಉಸಿರು ಬಿಡುವಷ್ಟು ಹೊತ್ತು, ಅಷ್ಟೇ. ದವಡೆ ಸಡಿಲ ಬಿಟ್ಟೆ. ಆಮೇಲೆ ನೋಡಿದರೆ ಯಜಮಾನರ ಕೈಯೂ ನಡುಗುತ್ತಿತ್ತು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಬೆರಳಚ್ಚು ಬೇಡ, ಕಾಗದದ ನಮೂನೆಯಲ್ಲೇ ಸಹಿ ಹಾಕಿಸಿಕೊಂಡೆ. ಆ ದಾರಿ ಮೊದಲಿನಿಂದಲೂ ಇತ್ತು. ಸಿಟ್ಟಿನಲ್ಲಿ ಇರುವವನಿಗೆ ಅದು ಹೊಳೆಯುವುದಿಲ್ಲ. ಇಷ್ಟಕ್ಕೆ ನನಗೆ ಸಿಟ್ಟು ಬರುವುದೇ ಇಲ್ಲ ಅಂದುಕೊಳ್ಳಬೇಡಿ, ಮನೆಯಲ್ಲಿ ಕೇಳಿ ನೋಡಿ. ಬರುತ್ತದೆ. ಬರುವುದು ಸ್ವಲ್ಪ ಮುಂಚೆ ಗೊತ್ತಾಗುತ್ತದೆ, ಕೆಲವು ಸಲ ಮಾತ್ರ.

ರಾತ್ರಿ ಮೂರರ ಎಚ್ಚರವೂ ನಿಂತಿಲ್ಲ. ಈಗಲೂ ವಾರಕ್ಕೊಂದೆರಡು ಸಲ ಕಣ್ಣು ಬಿಡುತ್ತದೆ. ಮುಂಚೆ ಅಲ್ಲಿಂದ ಲೆಕ್ಕ ಶುರುವಾಗುತ್ತಿತ್ತು: ಈಗ ಮಲಗಿದರೂ ಮೂರು ಗಂಟೆ ನಿದ್ದೆ, ಈಗ ಎರಡೂವರೆ, ನಾಳೆ ಕೆಲಸ ಹಾಳು. ಆ ಲೆಕ್ಕವೇ ಎದೆ ಹೊಡೆದುಕೊಳ್ಳುವಂತೆ ಮಾಡುತ್ತಿತ್ತು. ಈಗ ಗಡಿಯಾರ ನೋಡುವುದಿಲ್ಲ. ಮಲಗಿದ ಕಡೆಯೇ ಹೆಬ್ಬೆರಳಿನಿಂದ ಶುರು ಮಾಡಿ ಮೇಲೆ ಬರುತ್ತೇನೆ. ಹಾಸಿಗೆ ಹಿಮ್ಮಡಿಗೆ ತಾಗುವುದು, ಮೀನಖಂಡದ ಭಾರ, ಮಂಡಿ, ತೊಡೆ. ಸೊಂಟ ದಾಟಿದ ನೆನಪು ಇರುವುದು ಅಪರೂಪ. ನಿದ್ದೆ ಬರದಿದ್ದರೂ ಮೈಗೆ ವಿಶ್ರಾಂತಿ ಸಿಕ್ಕಿರುತ್ತದೆ, ಬೆಳಗ್ಗೆ ತಲೆ ಭಾರ ಇರುವುದಿಲ್ಲ. ಶಿಬಿರದಲ್ಲಿ ಹೇಳಿಕೊಟ್ಟದ್ದನ್ನು ನಿದ್ದೆ ಮಾತ್ರೆಯ ಹಾಗೆ ಬಳಸುವುದು ಸರಿಯಲ್ಲ ಅಂತ ಕೆಲವರು ಹೇಳುತ್ತಾರೆ. ಇರಬಹುದು. ನನಗೆ ನಿದ್ದೆ ಬೇಕಿತ್ತು.

ಎಷ್ಟೋ ದಿನ ಬೆಳಗ್ಗೆ ಕೂತು ಎದ್ದರೆ ಏನೂ ಆಗಿರುವುದಿಲ್ಲ. ಅರ್ಧ ಗಂಟೆ ಪೂರ್ತಿ ಸಾರಿಗೆ ತರಕಾರಿ ಏನು, ಕಾರಿನ ಇನ್ಶೂರೆನ್ಸ್ ಯಾವಾಗ, ಇದೇ. ಅಂಥ ದಿನದ ಮಧ್ಯಾಹ್ನವೂ ಏನೋ ಸ್ವಲ್ಪ ಸಲೀಸಾಗಿ ಹೋಗಿದ್ದುಂಟು. ಬಹಳ ಚೆನ್ನಾಗಿ ಕೂತ ದಿನವೇ ಸಂಜೆ ಹೆಂಡತಿಯ ಮೇಲೆ ರೇಗಿದ್ದೂ ಉಂಟು. ಆ ಅರ್ಧ ಗಂಟೆಗೆ ಅಂಕ ಹಾಕುವುದನ್ನು ಬಿಟ್ಟಿದ್ದೇನೆ. ಬಿ.ಪಿ. ನೋಟ್‌ಬುಕ್ಕಿನಲ್ಲಿ ಧ್ಯಾನಕ್ಕೆ ಅಂತ ಒಂದು ಕಾಲಂ ಎಳೆದಿದ್ದೆ, ಅದು ಖಾಲಿ ಇದೆ.

ಶಾಖೆಯಲ್ಲಿ ಈಗ ಒಬ್ಬಿಬ್ಬರು ಹುಡುಗರು ಕೇಳುತ್ತಾರೆ, ಸರ್ ನಾವೂ ಹತ್ತು ದಿನ ಹೋಗಬೇಕಾ ಅಂತ. ರಜೆ ಸಿಕ್ಕರೆ ಹೋಗಿ ಅನ್ನುತ್ತೇನೆ, ಮಾರ್ಚ್ ಬಿಟ್ಟು. ಸಿಗದಿದ್ದರೆ ನಾಳೆ ಬೆಳಗ್ಗೆ ಹತ್ತು ನಿಮಿಷ ಮೂಗಿನ ಕೆಳಗೆ ಉಸಿರು ನೋಡುತ್ತಾ ಕೂತುಕೊಳ್ಳಿ, ಅದಕ್ಕೆ ಅರ್ಜಿ ಬೇಡ. ನೆಲದ ಮೇಲೇ ಕೂರಬೇಕು ಅಂತಲೂ ಇಲ್ಲ. ಶಿಬಿರದಲ್ಲೂ ಆಗದವರಿಗೆ ಕುರ್ಚಿ ಕೊಡುತ್ತಾರೆ. ನನ್ನ ಮಂಡಿಯ ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು, ಚಕ್ಕಳಮಕ್ಕಳ ಹಾಕುವುದನ್ನು ಇವತ್ತಿಗೆ ನಿಲ್ಲಿಸಿ ಅಂದುಬಿಟ್ಟರು. ಅಲ್ಲಿಂದ ಊಟದ ಮೇಜಿನ ಕುರ್ಚಿಯೊಂದು ಬೆಳಗಿನ ಹೊತ್ತು ನನ್ನ ಪಾಲಿಗೆ ಬಂದಿದೆ. ಒಂದು ಕಾಲು ಗಿಡ್ಡ, ಅದಕ್ಕೆ ಮಡಿಸಿದ ರಟ್ಟು ಕೊಟ್ಟಿದ್ದೇನೆ.